ಹೊಳೆದಂಡೆಯಲ್ಲಿ ಎಣಿಸಬಾರದು

ಪೇಪರಿನವರು ಅವನನ್ನು ‘ಅಪರಿಚಿತ ವೃದ್ಧ’ ಎಂದು ಬರೆದರು. ಮೂರು ವರ್ಷವಾಯಿತು, ಆ ಎರಡು ಶಬ್ದ ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಚಿಕ್ಕಸಂಗಮದ ದಂಡೆಯ ಮೇಲೆ ನಾನೇ ಆ ವರದಿಗಾರನಿಗೆ ಹೆಸರು ಹೇಳಿದ್ದೆ, ಊರು ಹೇಳಿದ್ದೆ. ಮರುದಿನ ಅಚ್ಚಾಗಿದ್ದು ಇಷ್ಟೇ: ‘ಶವದ ಪಕ್ಕದಲ್ಲಿ ಅಪರಿಚಿತ ವೃದ್ಧನೊಬ್ಬ ಕುಳಿತಿದ್ದ.’ ಬೀಳಗಿ ಬಸ್ ಸ್ಟ್ಯಾಂಡಿನಲ್ಲಿ ಆ ವರದಿಗಾರನ ಕೊರಳಪಟ್ಟಿ ಹಿಡಿದೆ, ಜನ ಬಿಡಿಸಿದರು. ನಾನು ಓದಿದ್ದು ಐದನೆಯ ಇಯತ್ತೆ. ಬರೆಯುವುದು ನನ್ನ ಕೆಲಸವಲ್ಲ. ಬಲ್ಲವರು ಬರೆದದ್ದು ಹೀಗಿದ್ದ ಮೇಲೆ ನಾನೇ ಕೂತು ಬರೆಯಬೇಕಾಯಿತು.

ಅವನ ಹೆಸರು ರೇವಪ್ಪ. ಬೀಳಗಿ ಕಡೆಯ ಕುರಿಗಾರ, ಬೀರೇಶ್ವರನ ಒಕ್ಕಲು. ಮುಧೋಳದ ಕೆಳಗೆ ಘಟಪ್ರಭೆಯ ದಂಡೆಗೆ ನಮ್ಮ ಹೊಲ. ಪ್ರತಿ ವರ್ಷ ಕಬ್ಬು ಕಟಾವಾದ ಮೇಲೆ ಅವನು ತನ್ನ ಹಿಂಡನ್ನು ತಂದು ನಮ್ಮ ಹೊಲದಲ್ಲಿ ನಿಲ್ಲಿಸುತ್ತಿದ್ದ. ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರ, ನಮ್ಮ ಜೋಳ ಅವನ ಚೀಲಕ್ಕೆ. ಅಪ್ಪನ ಕಾಲದಿಂದ ನಡೆದುಬಂದ ರೂಢಿ. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಹೆಗಲ ಮೇಲೆ ಯಾವಾಗಲೂ ಒಂದು ಕರಿ ಕಂಬಳಿ. ನಾವೆಲ್ಲ ಮುತ್ಯಾ ಅನ್ನುತ್ತಿದ್ದೆವು.

ಅವನಷ್ಟು ಈ ಹೊಳೆ ಗೊತ್ತಿದ್ದವನನ್ನು ನಾನು ನೋಡಿಲ್ಲ. ಹುಟ್ಟುವಲ್ಲಿಂದ ಕೂಡುವತನಕ ಕಾಲಿನಲ್ಲೇ ಅಳೆದವನು.

“ಘಟ್ಟದ ಮ್ಯಾಲ ಕಲ್ಲಿನ ಸಂದ್ಯಾಗ ಬೆರಳಿನಷ್ಟ ದಪ್ಪ ಬರತೈತಿ ನೋಡ,” ಎಂದು ಅವನು ನನ್ನ ತಮ್ಮ ಭೀಮಶಿಗೆ ಹೇಳುತ್ತಿದ್ದ. “ಹಿಡಕಲ್ಲಿನಾಗ ಅದನ್ನ ಕಟ್ಟಿ ಹಾಕತಾರ. ಬಿಡಿಸಿಕೊಂಡ ಬಂದ ಗೋಕಾಕದಾಗ ಬೀಳತೈತಿ. ಬಿದ್ದ ಎದ್ದ ಇಲ್ಲಿಗೆ ಬಂದ್ರ ನಿಮ್ಮಂಥಾ ಕಬ್ಬಿನವ್ರು ಕುಡದ ಬಿಡತೀರಿ. ಉಳದಿದ್ದು ಕಲಾದಗಿ ದಾಟಿ, ಅನಗವಾಡಿ ದಾಟಿ ಚಿಕ್ಕಸಂಗಮಕ್ಕ ಹೋಗಿ ಕೃಷ್ಣಾಗ ಕೂಡತೈತಿ. ಅಲ್ಲಿಗೆ ಅದರ ಹೆಸರು ಆತು.”

“ನಿಂದೂ ಹಂಗ ಆಗತೈತಿ ಮುತ್ಯಾ,” ಎಂದು ಭೀಮಶಿ ನಗುತ್ತಿದ್ದ.

“ನಂದು ಆದ್ರ ಆಗಲೇಳೋ. ಮೊದಲ ನಿನ್ನ ಲಗ್ನದ ಊಟ ಹಾಕ.”

ರೇವಪ್ಪನಲ್ಲಿ ಒಂದು ವಿಚಿತ್ರ ಕಟ್ಟಳೆಯಿತ್ತು. ಹೊಳೆ ದಾಟಿದ ಮೇಲೆ ಅವನು ಕುರಿ ಎಣಿಸುತ್ತಿರಲಿಲ್ಲ. ಮುಖ ನೋಡಿಯೇ ಯಾವುದಿದೆ, ಯಾವುದಿಲ್ಲ ಎಂದು ತಿಳಿಯುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ ಒಮ್ಮೆ ಹೇಳಿದ. ಹತ್ತು ವರ್ಷದ ಹುಡುಗನಿದ್ದಾಗ ಅಪ್ಪನ ಜೊತೆ ಕಲಾದಗಿಯ ಹತ್ತಿರ ಹಿಂಡು ದಾಟಿಸಿದನಂತೆ. ಅಪ್ಪ ಬೇಡವೆಂದರೂ ಕೇಳದೆ ಎಣಿಸಿದ. ಆಚೆ ದಂಡೆಯಲ್ಲಿ ಅರವತ್ತೊಂದಿದ್ದವು, ಈಚೆ ಅರವತ್ತೆರಡಾದವು. ಹೆಚ್ಚಾದ ಕುರಿ ಎಲ್ಲದರಂತೆಯೇ ಇತ್ತು, ಮೇಯುತ್ತಲೂ ಇತ್ತು. ಆದರೆ ಅದರ ಉಣ್ಣೆ ಒಣಗಲಿಲ್ಲ. ಬೇಸಗೆಯ ಬಿಸಿಲಿನಲ್ಲಿ ಎಂಟು ದಿನ ನೀರು ಸೋರುತ್ತಲೇ ಇತ್ತು. ಉಳಿದ ಕುರಿಗಳು ಅದರ ಸುತ್ತ ಮಾರುದ್ದ ಜಾಗ ಬಿಟ್ಟು ಮಲಗುತ್ತಿದ್ದವು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಹಿಂಡನ್ನು ತನ್ನ ತಮ್ಮನಿಗೆ ಒಪ್ಪಿಸಿ, ಮಗನನ್ನೂ ಆ ಕುರಿಯನ್ನೂ ಕರೆದುಕೊಂಡು ದಂಡೆಗುಂಟ ಘಟ್ಟದತನಕ ನಡೆದ. ಹೊಳೆ ಹುಟ್ಟುವ ಕಲ್ಲಿನ ಹತ್ತಿರ ಕುರಿ ನೀರಿಗೆ ಬಾಯಿ ಹಾಕಿತು. ರೇವಪ್ಪ ಕಾಲಿಗೆ ಚುಚ್ಚಿದ ಮುಳ್ಳು ತೆಗೆದು ತಲೆಯೆತ್ತುವಷ್ಟರಲ್ಲಿ ಕುರಿ ಇರಲಿಲ್ಲ.

“ಹೊಳಿ ತನ್ನ ಒಳಗಿದ್ದಿದ್ದನ್ನ ಎಣಿಕ್ಯಾಗ ಸೇರಸತೈತಿ,” ಅಂದಿದ್ದ. “ಎಣಿಸಿದ್ವಿ ಅಂದ್ರ ಅದು ನಮ್ಮ ಬೆನ್ನ ಹತ್ತಿದಂಗ. ಮುಟ್ಟಿಸಬೇಕಾಗತೈತಿ. ದನಾ ಕುರಿ ಆದ್ರ ಹುಟ್ಟೂ ಜಾಗಾಕ್ಕ, ಮನಷ್ಯಾ ಆದ್ರ ಕೂಡೂ ಜಾಗಾಕ್ಕ.”

ನಾನು ನಕ್ಕಿದ್ದೆ.

ಮೂರು ವರ್ಷದ ಹಿಂದಿನ ಶ್ರಾವಣದಲ್ಲಿ ಹಿಡಕಲ್ ಅಣೆಕಟ್ಟಿನಿಂದ ನೀರು ಬಿಟ್ಟರು. ನಮ್ಮ ಪಂಪ್‌ಸೆಟ್ಟಿನ ಮೋಟಾರು ಹೊಳೆಯ ಅಂಚಿನಲ್ಲಿತ್ತು. ಮೇಲೆ ಎಳೆದುಕೊಂಡು ಬಾ ಎಂದು ಭೀಮಶಿಗೆ ಬೆಳಗಿನಿಂದ ಹೇಳುತ್ತಿದ್ದೆ, ಅವನು ಫೋನ್ ಹಿಡಿದುಕೊಂಡು ಕೂತಿದ್ದ. ಮಧ್ಯಾಹ್ನ ನನಗೆ ಸಿಟ್ಟು ನೆತ್ತಿಗೇರಿತು. “ಮೋಟಾರ್ ಇಲ್ಲದಂಗ ಮನಿಗೆ ಬರಬ್ಯಾಡಲೇ!” ಎಂದು ಅಂಗಳದಲ್ಲಿ ನಿಂತು ಒದರಿದೆ. ಆಗ ಅಲ್ಲಿ ನಾವಿಬ್ಬರೇ ಇದ್ದೆವು. ಅವನು ಎದ್ದು ಹೋದ. ಮೋಟಾರೂ ಬರಲಿಲ್ಲ, ಅವನೂ ಬರಲಿಲ್ಲ.

ನಾಲ್ಕು ದಿನ ದೋಣಿಯವರು ಹುಡುಕಿದರು. ನಮ್ಮವ್ವ ಲಗಮವ್ವ ಅಳಲಿಲ್ಲ. ಹೆಣ ನೋಡದೆ ನಾನು ಅಳುವುದಿಲ್ಲ ಎಂದು ಹಟ ಹಿಡಿದಳು. ಎರಡು ಹೊತ್ತೂ ಅವನಿಗೆ ತಾಟು ಹಾಕುತ್ತಿದ್ದಳು, ಯಾರಾದರೂ ತಾಟು ತೆಗೆದರೆ ಅವಳು ಅವರನ್ನು ನೋಡುವ ನೋಟವನ್ನು ನೋಡಲಾಗುತ್ತಿರಲಿಲ್ಲ. ನನಗೆ ಬೇಕಾಗಿದ್ದುದು ಇಷ್ಟೇ, ಹೆಣವಾದರೂ ಸಿಗಲಿ, ಅವ್ವ ಒಮ್ಮೆ ಅಳಲಿ. ಐದನೆಯ ದಿನ ಬೀಳಗಿಗೆ ಹೋಗಿ ರೇವಪ್ಪನ ಕಾಲು ಹಿಡಿದೆ.

“ಬರತೇನಿ,” ಅಂದ. “ದಂಡಿಗುಂಟ ಹೋಗೂಣು. ಒಂದ ಮಾತ. ಮಂದೀನ ಎಣಿಸಬ್ಯಾಡ.”

ಹೊರಟವರು ನಾನು, ರೇವಪ್ಪ, ನನ್ನ ಹೆಂಡತಿಯ ತಮ್ಮ ವೀರಣ್ಣ, ಬದುವಿನಾಚೆಯ ಹೊಲದ ಪರಮಾನಂದ. ಸಣ್ಣ ಜಿಟಿಜಿಟಿ ಮಳೆ. ಹೊಳೆ ಕೆಂಪಗೆ ಹರಿಯುತ್ತಿತ್ತು, ಮುಳುಗಿದ ಕಬ್ಬಿನ ತುದಿಗಳು ಯಾರೋ ಕೆಳಗಿನಿಂದ ಹಿಡಿದು ಅಲುಗಿಸಿದಂತೆ ಅಲುಗುತ್ತಿದ್ದವು. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ರೇವಪ್ಪ ಪ್ರತಿ ಮಡುವಿನ ಹತ್ತಿರ ನಿಂತು ಕಿವಿಗೊಡುತ್ತಿದ್ದ, ತಲೆಯಾಡಿಸಿ ಮುಂದೆ ನಡೆಯುತ್ತಿದ್ದ.

ಕಲಾದಗಿ ದಾಟಿದ ಮೇಲೆ ಬುತ್ತಿ ಬಿಚ್ಚಿದೆವು. ಎಲ್ಲರೂ ಕಲ್ಲುಗಳ ಮೇಲೆ ಕೂತರು. ನನ್ನ ಹೆಂಡತಿ ಶೈಲಾ ಎಂಟು ರೊಟ್ಟಿ ಕಟ್ಟಿಕೊಟ್ಟಿದ್ದಳು, ಒಬ್ಬೊಬ್ಬರಿಗೆ ಎರಡು. ನಾನು ತಲೆ ಬಗ್ಗಿಸಿಕೊಂಡು, ಚಾಚಿದ ಕೈಗಳಿಗೆ ಹಂಚುತ್ತ ಹೋದೆ. ನನ್ನ ಪಾಲಿನ ಎರಡು ಮಡಿಲಲ್ಲಿಟ್ಟುಕೊಂಡೆ. ಗಂಟು ಖಾಲಿಯಾಯಿತು.

“ಮಾವಾ, ನನಗ?” ಎಂದ ವೀರಣ್ಣ.

“ನಿನಗ ಕೊಟ್ಟೆನಲ್ಲಲೇ!”

“ಎಲ್ಲಿ ಕೊಟ್ಟಿ? ನೋಡ ಕೈ.”

“ತಿಂದ ಮುಗಿಸಿ ಸುಳ್ಳ ಹೇಳತಿ ಏನಲೇ, ಹೊಟ್ಟಿಬಾಕಾ? ಒಬ್ಬೊಬ್ಬರಿಗೆ ಎರಡ. ನಾ ಒಂದ, ಮುತ್ಯಾ ಎರಡ...” ಸಿಟ್ಟಿನಲ್ಲಿ ಬೆರಳು ಮಾಡಿ ತೋರಿಸುತ್ತ ಹೋದೆ. “ಮೂರ, ಪರಮಾನಂದ ನಾಕ, ನೀ ಐದ...”

ರೇವಪ್ಪ ನನ್ನ ಬೆರಳು ಹಿಡಿದ.

ಮೂರು ಎಂದು ನಾನು ಬೆರಳು ತೋರಿಸಿದ್ದು ರೇವಪ್ಪನಿಗೂ ಪರಮಾನಂದನಿಗೂ ನಡುವಿನ ಕಲ್ಲಿಗೆ. ಅಲ್ಲಿ ಯಾರೂ ಇರಲಿಲ್ಲ. ಮಳೆ ಎಲ್ಲ ಕಲ್ಲುಗಳನ್ನೂ ತೋಯಿಸಿತ್ತು, ಆದರೆ ಆ ಕಲ್ಲಿನಿಂದ ಮಾತ್ರ ನೀರು ಧಾರೆಯಾಗಿ ಇಳಿಯುತ್ತಿತ್ತು. ಅದರ ಮೇಲೆ ಎರಡು ರೊಟ್ಟಿ ಇದ್ದವು, ನೆನೆದು ಗಂಜಿಯಾಗಿದ್ದವು. ಪರಮಾನಂದ ಕೂತಲ್ಲಿಂದ ಎದ್ದು ಹಿಂದೆ ಸರಿದ, ಮಾರುದ್ದ.

“ಆತು,” ಎಂದ ರೇವಪ್ಪ. “ಎಣಿಸಿದಿ. ಬಂದಾನ. ನೀವು ಮೂರೂ ಮಂದಿ ಮನಿಗೆ ಹೋಗ್ರಿ. ಇಂವನ್ನ ನಾ ಮುಟ್ಟಸತೇನಿ.”

“ನನ್ನ ತಮ್ಮ ಅಂವ! ನಾ ಬರಬಾರದೇನು?”

“ನೀ ಬರಬ್ಯಾಡ.”

“ಯಾಕ ಬರಬಾರದು? ನೀ ಯಾರ ನನಗ ಹೇಳಾಕ?” ನಾನು ಮೈಮೇಲೆ ಹೋದೆ.

ಅವನು ನನ್ನ ಕಡೆ ನೋಡಲೂ ಇಲ್ಲ. ಆ ಕಲ್ಲಿನ ಕಡೆ ನೋಡಿಕೊಂಡು, ಯಾರೋ ಹೇಳಿದ್ದನ್ನು ಒಪ್ಪಿಸುವವನಂತೆ ಹೇಳಿದ: “ನೀ ಕಳಿಸಿದಾಂವ. ಮೋಟಾರ್ ಇಲ್ಲದಂಗ ಮನಿಗೆ ಬರಬ್ಯಾಡ ಅಂತ ಕಳಿಸಿದಾಂವ. ನಿನ್ನ ಸಂಗಾಟ ಅಂವ ಬರೂದಿಲ್ಲ.”

ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವ್ವನಿಗೂ ಹೇಳಿರಲಿಲ್ಲ.

ರೇವಪ್ಪ ಎದ್ದ. ಮಳೆಯಲ್ಲಿ ಇಬ್ಬರು ಒಂದೇ ಕಂಬಳಿಯಡಿ ನಡೆಯುವಾಗ ಹಿಡಿಯುವಂತೆ, ಒಂದು ತುದಿಯನ್ನು ತನ್ನ ತಲೆಯ ಮೇಲೆ ಎಳೆದುಕೊಂಡು ಇನ್ನೊಂದನ್ನು ಬದಿಗೆ ಚಾಚಿದ. ಆಮೇಲೆ ಕೈ ಬಿಟ್ಟ. ಆ ತುದಿ ಕೆಳಗೆ ಬೀಳಲಿಲ್ಲ. ಆಳೆತ್ತರದಲ್ಲೇ ನಿಂತು ಅವನ ಜೊತೆಗೆ ಹೊರಟಿತು. ನಾವು ಮೂವರೂ ನೋಡಿದ್ದೇವೆ. ವೀರಣ್ಣ ಇವತ್ತಿಗೂ ಒಪ್ಪುವುದಿಲ್ಲ, ಗಾಳಿ ಅನ್ನುತ್ತಾನೆ. ಅವತ್ತು ಗಾಳಿ ಇರಲಿಲ್ಲ.

ಮೂರನೆಯ ದಿನ ಫೋನ್ ಬಂತು, ಅವ್ವನನ್ನು ಕರೆದುಕೊಂಡು ಹೋದೆ. ಚಿಕ್ಕಸಂಗಮದಲ್ಲಿ ಹಿನ್ನೀರಿನ ಅಂಚಿಗೆ ಭೀಮಶಿ ಮಲಗಿದ್ದ, ಮೇಲೆ ಆ ಕರಿ ಕಂಬಳಿ, ಪಕ್ಕದಲ್ಲಿ ರೇವಪ್ಪ. ಎಂಟು ದಿನ ನೀರಲ್ಲಿದ್ದವನ ಮುಖ ನಿದ್ದೆಹೋದವನ ಮುಖದಂತಿತ್ತು. ಪಂಚನಾಮೆಗೆ ಬಂದ ಪೊಲೀಸರೂ ಎರಡೆರಡು ಸಲ ಬಗ್ಗಿ ನೋಡಿದರು. ಅವ್ವ ಅವನ ಕೆನ್ನೆ ಮುಟ್ಟಿ ಅಳಲು ಶುರುಮಾಡಿದಳು. ಮಣ್ಣು ಮಾಡುವತನಕ ನಿಲ್ಲಿಸಲಿಲ್ಲ.

ಕಂಬಳಿ ಹೆಣದ ಜೊತೆಗೇ ಮಣ್ಣಿಗೆ ಹೋಯಿತು. ಕುರಿಗಾರರ ರೂಢಿ ಹಾಗೆ. ರೇವಪ್ಪ ನನ್ನನ್ನು ಬದಿಗೆ ಕರೆದ.

“ಹೊಸಾ ಕಂಬಳಿ ನೀನ ತರಬೇಕು. ಎಣಿಸಿದಾಂವನ ಕೈಯಿಂದ ನನ್ನ ಹೆಗಲಿಗೆ ಬರಬೇಕು. ಅಲ್ಲೀತನಾ ನಾ ಬ್ಯಾರೆ ಒಂದ ಹೊದಿಯೂ ಹಂಗಿಲ್ಲ. ಮಳಿಗಾಲಕ್ಕ ನಾ ಘಟ್ಟಕ್ಕ ಹೋಗಬೇಕು, ಮುಟ್ಟಿಸೇನಿ ಅಂತ ಹುಟ್ಟೂ ಜಾಗಾಕ್ಕ ಹೇಳಿ ಬರಬೇಕು. ಅದರೊಳಗ ಕೊಡ.”

“ಕೊಡತೇನಿ ಮುತ್ಯಾ,” ಅಂದೆ.

ಕೊಡಲಿಲ್ಲ. ಕಬ್ಬಿನ ಕಟಾವು, ಫ್ಯಾಕ್ಟರಿಯ ಮುಂದೆ ಟ್ರ್ಯಾಕ್ಟರ್ ಪಾಳಿ ಎಂದು ಶೈಲಾಳಿಗೆ ನೆಪ ಹೇಳಿದೆ. ಖರೆ ಹೇಳಬೇಕೆಂದರೆ ಸಿಟ್ಟು. ‘ನೀ ಕಳಿಸಿದಾಂವ’ ಎಂದು ಮಂದಿಯ ಮುಂದೆ ಅಂದನಲ್ಲ, ಅದು ಎದೆಯಲ್ಲಿ ಕೂತಿತ್ತು. ಚಳಿಗಾಲದಲ್ಲಿ ಅವನು ಎಂದಿನಂತೆ ಹಿಂಡು ತಂದ. ಅಂಗಳದಲ್ಲಿ ಬರಿ ಅಂಗಿಯಲ್ಲಿ ಕೂತು, ಕೈ ಬಗಲಲ್ಲಿ ಇಟ್ಟುಕೊಂಡು ಕಾದ. ನಾನು ಒಳಗೇ ಇದ್ದೆ.

“ಮನ್ಯಾಗಿಲ್ಲ ಅಂತ ಹೇಳ,” ಎಂದು ಶೈಲಾಳನ್ನು ಕಳಿಸಿದೆ.

ಅವಳು ಹೋಗಿ ಹೇಳಿ, ಒಂದು ಚಾದರ ಕೊಡಲು ನೋಡಿದಳು.

“ಬ್ಯಾಡವಾ. ನಂದ ಬರೂದೈತಿ,” ಎಂದನಂತೆ.

ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದ ವಾರವೇ, ರೇವಪ್ಪ ಘಟ್ಟಕ್ಕೆ ಹೋದ ಎಂದು ಸುದ್ದಿ ಬಂತು. ಕಂಬಳಿಯಿಲ್ಲದೆ ಹೋದನಂತೆ. ಆಗ ನನ್ನ ಸಿಟ್ಟು ಇಳಿಯಿತು. ಮಹಾಲಿಂಗಪುರದ ಸಂತೆಯಲ್ಲಿ ಒಳ್ಳೆಯ ಕರಿ ಕಂಬಳಿ ಆರಿಸಿ, ಗೋಕಾಕದ ಬಸ್ಸು ಹಿಡಿದು, ಅಲ್ಲಿಂದ ಮತ್ತೆರಡು ಬಸ್ಸು ಬದಲಿಸಿ ಘಟ್ಟ ಹತ್ತಿದೆ. ಬಸ್ಸಿನ ಕಿಟಕಿಯಲ್ಲಿ ಹೊಳೆ ಆಗಾಗ ಕಾಣುತ್ತಿತ್ತು. ಪ್ರತಿ ಸಲವೂ ಮೊದಲಿಗಿಂತ ಸಣ್ಣದಾಗಿ ಕಾಣುತ್ತಿತ್ತು. ಕಡೆಗೆ ಕಾಣಲೇ ಇಲ್ಲ. ಮಂಜು ಕವಿದಿತ್ತು.

ಕೊನೆಯ ವಾಡಿ, ನಾಲ್ಕಾರು ಮನೆಗಳ ಹಳ್ಳಿ, ಅಲ್ಲಿ ಮರಾಠಿ ಮಾತಾಡುವ ಜನ. ಒಬ್ಬ ಮುದುಕಿ ನನ್ನ ಕೈಯಲ್ಲಿದ್ದ ಕಂಬಳಿ ನೋಡಿದ ಕೂಡಲೇ ಯಾರನ್ನು ಹುಡುಕುತ್ತಿದ್ದೇನೆಂದು ಹೇಳಿದಳು. ಆರು ದಿನದ ಹಿಂದೆ ಬಂದಿದ್ದನಂತೆ. ಜ್ವರದಲ್ಲಿ ನಡುಗುತ್ತಿದ್ದನಂತೆ. ಗೋಣಿತಾಟು ಕೊಟ್ಟರು, ಪ್ಲಾಸ್ಟಿಕ್ ಹಾಳೆ ಕೊಟ್ಟರು, ಎಲ್ಲಕ್ಕೂ ಕೈ ಅಡ್ಡ ಹಿಡಿದು ತನ್ನದು ಬರುವುದಿದೆ ಅಂದನಂತೆ. ಮರುದಿನ ಕಲ್ಲಿನ ಹತ್ತಿರ ಹೆಣವಾಗಿ ಸಿಕ್ಕ. ಅಲ್ಲೇ ಹೂತಿದ್ದರು.

ಅವಳೇ ಕರೆದುಕೊಂಡು ಹೋಗಿ ತೋರಿಸಿದಳು. ಕಲ್ಲಿನ ಸಂದಿಯಿಂದ ಬೆರಳಿನಷ್ಟು ದಪ್ಪ ನೀರು, ಅವನು ಹೇಳಿದಂತೆಯೇ. ಪಕ್ಕದಲ್ಲಿ ಹೊಸ ಮಣ್ಣು. ಅಷ್ಟು ಮಳೆಯಲ್ಲೂ ಆ ನೀರಿನ ಸದ್ದು ಬೇರೆಯಾಗಿ ಕೇಳುತ್ತಿತ್ತು, ಯಾರೋ ಮೆಲ್ಲಗೆ ಲೆಕ್ಕ ಹಾಕುವಂತೆ. ಕಂಬಳಿಯನ್ನು ಆ ಮಣ್ಣಿನ ಮೇಲೆ ಹೊದಿಸಿದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅದು ಜಾರಿ ನನ್ನ ಹಿಮ್ಮಡಿಗೆ ಬಂದು ಬಿತ್ತು. ಮತ್ತೆ ಹೊದಿಸಿದೆ, ನಾಲ್ಕು ಮೂಲೆಗೂ ಕಲ್ಲು ಹೇರಿದೆ. ಮತ್ತೆ ಬಂತು. ಮುದುಕಿ ನನ್ನ ತೋಳು ಹಿಡಿದು ಸಾಕೆಂದಳು.

ಅಲ್ಲಿಂದ ನೆಟ್ಟಗೆ ಬೀಳಗಿಗೆ ಬಂದೆ. ರೇವಪ್ಪನ ಹೆಂಡತಿ ಬೋರವ್ವ ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ಕಂಬಳಿಯನ್ನು ಅವಳ ಮುಂದೆ ಇಟ್ಟು ಅಡ್ಡಬಿದ್ದೆ.

“ಅಂವನ ಹೆಗಲಿಗೆ ಹಾಕಿದಿ ಏನಪಾ?” ಎಂದು ಕೇಳಿದಳು.

“ಇಲ್ಲ ಆಯಿ.”

ಅವಳು ಬೈದಿದ್ದರೆ, ಹೊಡೆದಿದ್ದರೆ ನನಗೆ ತಡೆದುಕೊಳ್ಳಲು ಬರುತ್ತಿತ್ತು. ಕದಿರನ್ನು ಬದಿಗಿಟ್ಟು, ಕಂಬಳಿಯ ಮಡಿಕೆ ಸರಿಮಾಡಿ, ಎರಡೂ ಕೈಯಿಂದ ನನ್ನ ಕಡೆಗೆ ತಳ್ಳಿದಳು.

“ಹಂಗಾದ್ರ ಇದು ನಮ್ಮದಲ್ಲ. ತೊಗೊಂಡ ಹೋಗ.”