ದ್ರಾಕ್ಷಿ ಚಪ್ಪರದವನ ನಾಲ್ಕು ಗಡಿಗೆ

ಚಿಂಚೋಳಿ ಕಡೆಯ ಆ ಕೆರೆಯೂರಿಗೆ ದ್ರಾಕ್ಷಿ ತಂದವನು ಜಿಲಾನಿ. ಅರವತ್ತಾರನೇ ಇಸವಿಯಲ್ಲಿ ಹೈದರಾಬಾದಿನಿಂದ ಒದ್ದೆ ಗೋಣಿಚೀಲದಲ್ಲಿ ಬಳ್ಳಿಯ ತುಂಡುಗಳನ್ನು ಸುತ್ತಿಕೊಂಡು ಬಂದಾಗ ಊರೆಲ್ಲ ನಕ್ಕಿತ್ತು. ಆರು ವರ್ಷದಲ್ಲಿ ಏರಿಯ ಕೆಳಗೆಲ್ಲ ಚಪ್ಪರವೇ ಚಪ್ಪರ! ಭಾನುವಾರ ಬಂತೆಂದರೆ ವಾಡಿ, ಶಹಾಬಾದಿನ ಜನ ಬುತ್ತಿ ಕಟ್ಟಿಕೊಂಡು ಬಂದು, ನವಾಬರ ಕಾಲದ ಕಲ್ಲಿನ ತೂಬು ನೋಡಿ, ಏರಿಯ ಮೇಲೆ ಕೂತು ಉಂಡು, ಗೊಂಚಲು ಕೊಂಡು ಹೋಗುತ್ತಿದ್ದರು.

ಜಿಲಾನಿಗೆ ಇದ್ದದ್ದು ಒಂದೇ ಚಿಂತೆ, ತಾನು ಬೆಳೆದ ಹಣ್ಣು ದಾರೂ ಆಗಬಾರದು. ಯಾರಾದರೂ ಎರಡು ಬುಟ್ಟಿ ಕೇಳಿದರೆ ಸಾಕು, "ಯಾಕ್ರಿ ಇಷ್ಟು? ಏನ್ ಮಾಡಾಕ?" ಎಂದು ಮುಖವನ್ನೇ ದಿಟ್ಟಿಸುವವ. ಪುಣ್ಯಾತ್ಮನ ಸಂಶಯಕ್ಕೆ ಮದ್ದೇ ಇರಲಿಲ್ಲ.

ಅಂಥವನ ಕಣ್ಣಿಗೆ, ಹೆಂಡತಿ ರಹೀಮಾ ಒಡೆದ ಹಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುವುದು ಬಿತ್ತು. ಹಿಂದೆಯೇ ಹೋಗಿ ಕೊಟ್ಟಿಗೆ ಹುಡುಕಿದರೆ ಹುಲ್ಲಿನಡಿ ನಾಲ್ಕು ಗಡಿಗೆ! ಬಾಯಿಗೆ ಕಟ್ಟಿದ್ದ ಬಟ್ಟೆಗೆ ಮೂಗು ಹಚ್ಚಿದ. ಅಯ್ಯೋ, ದಾರೂ ವಾಸನೆ! ಯಾರಿಗೆ ಮಾರುತ್ತಾಳೆ ಇವಳು? ಅವಳನ್ನು ಕೇಳಲು ಬಾಯಿ ಬರಲಿಲ್ಲ, ಹೊಟ್ಟೆಯಲ್ಲಿಟ್ಟುಕೊಳ್ಳಲೂ ಆಗಲಿಲ್ಲ. ಮಸೀದಿ ಮೆಟ್ಟಿಲ ಮೇಲೆ, ಚಹಾದಂಗಡಿಯಲ್ಲಿ, ಕಂಡಕಂಡವರ ಕಿವಿಯಲ್ಲಿ ಊದಿದ.

ಒಂದು ತಿಂಗಳ ಮೇಲೆ ಒಂದು ಬೆಳಗ್ಗೆ ಪಕ್ಕದ ತೋಟದ ಹಣಮಪ್ಪನನ್ನು ಸಾಕ್ಷಿಗೆಂದು ಕರೆತಂದು, ಕೋಲು ಬೀಸಿ ನಾಲ್ಕನ್ನೂ ಒಡೆದೇಬಿಟ್ಟ. ಹಣಮಪ್ಪ ಚೂರಿನಲ್ಲಿ ಉಳಿದ ರಸಕ್ಕೆ ಬೆರಳದ್ದಿ ನಾಲಿಗೆಗಿಟ್ಟು ಮುಖ ಕಿವುಚಿದ.

"ಏ ಮಾರಾಯ, ದಾರೂ ಎಲ್ಲೈತಪ್ಪಾ? ಭಾಳ ಹುಳಿ ಅದ. ಇದು ಸಿರ್ಕಾ, ಉಪ್ಪಿನಕಾಯಿಗಿ ಹಾಕೋ ಹುಳಿನೀರು!"

ರಹೀಮಾ ಬಾಗಿಲಲ್ಲಿ ನಿಂತಿದ್ದಳು. "ಮೊದಲ ದಾರೂ ವಾಸನೀನೇ ಬರ್ತದ, ಆಮ್ಯಾಲ ಹುಳಿ ಆಗ್ತದ. ನಲವತ್ತು ದಿನ ಯಾರಿಗೂ ಹೇಳಬಾರದು, ಹೇಳಿದ್ರ ಕೆಟ್ಟ ಕಣ್ಣಿನ ನಜರ್ ತಾಗ್ತದ ಅಂತ ನಮ್ಮಮ್ಮ ಹೇಳಿಕೊಟ್ಟಿದ್ಳು. ಇವತ್ತಿಗಿ ಮೂವತ್ತೆಂಟು ದಿನ." ಅಳಲಿಲ್ಲ. ಸಿಟ್ಟಿನಿಂದ ಒಂದು ಹೆಜ್ಜೆ ಮುಂದೆ ಬಂದಳು. "ಗಡಿಗಿ ಹೋಗ್ಲಿ. ಊರಾಗ ನನ್ನ ಹೆಸರು ಕೆಡಿಸೀರಲ್ಲ, ಅದನ್ನ ತಿರುಗಿ ತರ್ರಿ. ಅಲ್ಲೀತನ ನಾ ತವರಮನಿಯಾಗ ಇರ್ತೀನಿ."

ಅಂದೇ ಜಿಲಾನಿ ಮನೆಮನೆ ತಿರುಗಿದ. "ತಪ್ಪು ನಂದು. ನಮ್ಮ ರಹೀಮಾ ದಾರೂ ಮಾಡಿಲ್ಲ" ಎಂದು ಕೈಜೋಡಿಸಿದ. ಎಲ್ಲರೂ ತಲೆಯಾಡಿಸಿದರು. ಕೊನೆಯ ಓಣಿಯ ಜೈತುನ್ಬೀಗೆ ಮಾತ್ರ ಆ ಸುದ್ದಿ ಮುಟ್ಟಿರಲೇ ಇಲ್ಲ. ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಎದ್ದು ಬಂದಳು.

"ಹೌದಾ? ರಹೀಮಾ ದಾರೂ ಮಾಡ್ತಾಳಂತ ಯಾರಂದ್ರು?"

"ನಾನೇ ಅಂದಿದ್ದೆ" ಎನ್ನಬೇಕಾಯಿತು ಜಿಲಾನಿ.

ಜೈತುನ್ಬೀ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಗಂಡನೇ ಅಂದಾನಂದ್ರ, ಸುಮ್ಮನ ಅಂದಿರಲಿಕ್ಕಿಲ್ಲ ಬಿಡು."