'ಒರಿಜಿನಲ್ ಸಿಡಿ ಹಾಕಿ'

ಕಪಾಟು ಕ್ಲೀನ್ ಮಾಡುವಾಗ ಹಳೇ ಕಾರ್ ರೇಸ್ ಗೇಮಿನ ಸಿಡಿ ಸಿಕ್ತು. ಮತ್ತೆ ಮೈ ಉರೀತು.

ಜೀವನ್ ಬಿಮಾ ನಗರದ ನಮ್ಮನೇಲಿ ಕಳ್ಳ ಸಾಫ್ಟ್‌ವೇರ್ ಕೂಡದು ಅನ್ನೋದು ಅಪ್ಪನ ಹಟ. ಅದಕ್ಕೇ ನಾನು ಸ್ಕೂಲಲ್ಲಿದ್ದಾಗ ಕಂಪ್ಯೂಟರಿಗೆ ವಿಂಡೋಸ್ ಬದಲು ಪುಕ್ಕಟೆ ಲಿನಕ್ಸ್ ಹಾಕ್ಸಿದ್ರು. ಗೇಮನ್ನೂ ಅಂಗಡಿಯಿಂದ ಒರಿಜಿನಲ್ಲೇ ತಂದ್ರು. ವಿಂಡೋಸ್ ಗೇಮನ್ನ ಲಿನಕ್ಸಲ್ಲಿ ಹೇಗೋ ಶುರು ಮಾಡಿದ್ರೆ, ಸಿಡಿ ಒಳಗಿದ್ರೂ 'ಒರಿಜಿನಲ್ ಸಿಡಿ ಹಾಕಿ' ಅಂತ ಕೇಳೋದು. ಅಪ್ಪ ಅದನ್ನ ತೆಗೆದು, ಬನಿಯನ್ ತುದೀಲಿ ಒರೆಸಿ, ಮತ್ತೆ ಹಾಕೋರು. ಬೇಸಿಗೆ ರಜೆಯೆಲ್ಲ ಒರೆಸೋದೇ ಆಯ್ತು.

ಕೆಳಗಿನ ಮನೆ ಮಂಜ ಅದೇ ಗೇಮಿನ ಫುಟ್‌ಪಾತ್ ಸಿಡಿ ತಂದ. "ಒರಿಜಿನಲ್ ಸಿಡಿ ಕೇಳೋ ಲಾಕನ್ನ ಇದರಲ್ಲಿ ಒಡೆದಿದ್ದಾರೆ ಅಂಕಲ್, ಲಿನಕ್ಸಲ್ಲೂ ಓಡುತ್ತೆ."

"ಕಳ್ಳ ಮಾಲು ಬೇಡಪ್ಪ. ನಮ್ದೇ ಓಡ್ಬೇಕು," ಅಂದ್ರು ಅಪ್ಪ.

ಓಡಲೇ ಇಲ್ಲ.

ಈಗ ನನ್ನ ಲ್ಯಾಪ್‌ಟಾಪಲ್ಲಿ ಸಿಡಿ ಡ್ರೈವೇ ಇಲ್ಲ. ಅಪ್ಪ ಸಿಡಿ ಇಸ್ಕೊಂಡು, ಬನಿಯನ್ ತುದೀಲಿ ಒರೆಸಿ, "ಈಗೊಂದ್ಸಲ ಹಾಕಿ ನೋಡು" ಅಂದ್ರು.