ಕಮಟು ಹಿಡಿದ ಹುಚ್ಚೆಳ್ಳು ಪುಡಿ

ಮೊನ್ನೆ ಅಡುಗೆಮನೆಯಲ್ಲಿ ಮರೆತೇಹೋಗಿದ್ದ ಹುಚ್ಚೆಳ್ಳು ಪುಡಿಯ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಕಮಟು ವಾಸನೆ. "ಚೆಲ್ಲಿಬಿಡಿ ಅತ್ತೆ" ಎಂದಳು ಸೊಸೆ. ನನಗೆ ಕೈ ಬರಲಿಲ್ಲ. ಹಳೆಯ ಎಣ್ಣೆಯಂಥ ಆ ವಾಸನೆ ನನ್ನನ್ನು ಎಳೆದೊಯ್ದು, ಅರವತ್ತರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರದ ಪಕ್ಕದ ನಮ್ಮ ಹೆಂಚಿನ ಮನೆಯ ಜಗಲಿಯಲ್ಲಿ ಕೂರಿಸಿತ್ತು. ಆ ಮನೆ ಈಗಿಲ್ಲ. ನಿಮ್ಮದೂ ಇಂಥದೊಂದು ಮನೆ ಹೋಗಿರಬಹುದು.

ಅಜ್ಜಿ ಹುಚ್ಚೆಳ್ಳು ಹುರಿಯುವ ದಿನ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಬಾಣಲೆಯಲ್ಲಿ ಕಪ್ಪು ಕಾಳು ಚಟಪಟ ಸಿಡಿದ ಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಸೇರಿಸಿ ಒರಳಲ್ಲಿ ಕುಟ್ಟಿ, ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೆಗೆ ಸರಿಸಿಬಿಡುತ್ತಿದ್ದಳು. ಆ ವರ್ಷ ಯುಗಾದಿ ಕಳೆದ ಮೇಲೆ ಅಜ್ಜಿ ತೀರಿಕೊಂಡಳು. ಅವಳ ಕೈಯ ಪುಡಿ ಭರಣಿಯ ತಳದಲ್ಲಿ ಎರಡು ಹಿಡಿ ಉಳಿದಿತ್ತು. "ಪಿತೃಪಕ್ಷಕ್ಕೆ ಅವ್ವನ ಎಡೆಗೆ ಇಕ್ಕಾಣ. ಅಲ್ಲೀಗಂಟ ಯಾರೂ ಮುಟ್ಬ್ಯಾಡಿ" ಎಂದ ಅಪ್ಪ.

ಅದು ಕೆಟ್ಟರೆ ಎಂಬ ದಿಗಿಲು ನನಗೆ. ಆಗ ಒಂಬತ್ತು ವರ್ಷ. ಸಂಡಿಗೆ, ಮೆಣಸಿನಕಾಯಿ, ಬೇಳೆ ಎಲ್ಲವನ್ನೂ ಹಾಳಾಗದಿರಲೆಂದು ಬಿಸಿಲಿಗಿಡುವುದನ್ನು ನೋಡಿ ಬೆಳೆದವಳು. ಅಪ್ಪ, ಅಮ್ಮ ಹೊಲಕ್ಕೆ ಹೋದ ಮೇಲೆ ದಿನಾ ಪುಡಿಯನ್ನು ತಟ್ಟೆಯಲ್ಲಿ ಹರವಿ ಬಿಸಿಲಿಗಿಟ್ಟು, ಗುಬ್ಬಿ ಕಾಯುತ್ತಾ ಕೂತು, ಅವರು ಬರುವಷ್ಟರಲ್ಲಿ ಮತ್ತೆ ಭರಣಿಗೆ ತುಂಬುತ್ತಿದ್ದೆ. ಎಣ್ಣೆಕಾಳಿನ ಪುಡಿಗೆ ಬಿಸಿಲೂ ಗಾಳಿಯೂ ಆಗದು, ಒಳಗಿನ ಜಿಡ್ಡೇ ಕೆಟ್ಟುಹೋಗುತ್ತದೆ ಎಂದು ಹೇಳಬೇಕಾದವಳೇ ಹೋಗಿಬಿಟ್ಟಿದ್ದಳು. ದಿನಾ ಮೂಸುತ್ತಿದ್ದುದರಿಂದಲೋ ಏನೋ, ವಾಸನೆ ತಿರುಗಿದ್ದು ನನಗೆ ತಿಳಿಯಲೇ ಇಲ್ಲ.

ಪಿತೃಪಕ್ಷ ಬಂತು. ಅಜ್ಜಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಕೊನೆಗೆ ಅಮ್ಮ ಭರಣಿ ಬಿಚ್ಚಿದಳು. ಮುಖ ಕಿವುಚಿದಳು. ನಾನು ಎಲ್ಲ ಒಪ್ಪಿಕೊಂಡು ಅಳತೊಡಗಿದೆ.

"ಪೂರ್ತಿ ಕಮಟೋಗೈತೆ. ಇದ್ನ ಇಕ್ಕಿದ್ರೆ ಅತ್ತೆ ಬಯ್ಯಾಕಿಲ್ವಾ?" ಎಂದಳು ಅಮ್ಮ.

ಅಪ್ಪ ನನ್ನ ತಲೆ ಸವರಿ, ಭರಣಿಯನ್ನು ಇಸಿದುಕೊಂಡು, ತಾನೇ ಒಂದು ಹಿಡಿ ಪುಡಿಯನ್ನು ಎಲೆಗೆ ಹಾಕಿದ. "ಬಯ್ಲಿ ಬಿಡು. ಬಯ್ಯೋಕಾದ್ರೂ ಬರ್ಲಿ."

ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ, ಹೋದವರು ಬಂದು ಉಣ್ಣಲೆಂದು ಕೊಂಚ ಹೊತ್ತು ಹೊರಗೆ ಕೂರುವುದು ನಮ್ಮ ಕಡೆಯ ಪದ್ಧತಿ. ಅಂದು ಅಮ್ಮ ಎದ್ದು ಬಾಗಿಲಿಗೆ ಕೈ ಹಾಕಿದಾಗ ಅಪ್ಪ ತಡೆದ. "ಇನ್ನೊಂದ್ ಗಳಿಗೆ ಇರು" ಎಂದ. ನಾವು ಮೂವರೂ ಮುಚ್ಚಿದ ಬಾಗಿಲ ಕಡೆ ಕಿವಿಯಿಟ್ಟು ಬಹಳ ಹೊತ್ತು ಕೂತೆವು.